ಹೊಟ್ಟೆನೋವಿನ ಸುದ್ದಿ ಮತ್ತು ನಾವು ಕೇಳದ ಪ್ರಶ್ನೆ



"ಹೊಟ್ಟೆನೋವು ತಾಳಲಾರದೆ ಗೃಹಿಣಿ ಆತ್ಮಹತ್ಯೆ." ಪತ್ರಿಕೆಯ ಮೂಲೆಯಲ್ಲಿ ಇಂಥ ಸಾಲನ್ನು ಎಷ್ಟು ಸಲ ಓದಿದ್ದೇವೆ! ಆ ಹೊಟ್ಟೆನೋವಿನ ಹಿಂದೆ ವರದಕ್ಷಿಣೆಯ ಬಾಕಿ, ಗಂಡನ ಹೊಡೆತ, 'ಹೊಂದಿಕೊಂಡು ಹೋಗು' ಎಂದ ತವರು ಇದ್ದವೇ ಎಂದು ಕೇಳಿದವರು ಕಡಿಮೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ, 2021ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 23 ಸಾವಿರಕ್ಕೂ ಮಿಕ್ಕಿ, ಗೃಹಿಣಿಯರು. ಇದನ್ನೆಲ್ಲ 'ಮನಸ್ಸಿನ ದೌರ್ಬಲ್ಯ' ಎಂದು ತಳ್ಳಿಹಾಕಲು ನಾನು ಒಪ್ಪಲಾರೆ.

ಇಲ್ಲಿ ನನ್ನ ತಪ್ಪನ್ನೂ ಹೇಳಿಕೊಳ್ಳಬೇಕು. ನಮ್ಮ ಸಂಘದ ಸದಸ್ಯೆಯೊಬ್ಬಳು ವಾರದ ಸಭೆಗೆ ಬರುವುದನ್ನು ನಿಲ್ಲಿಸಿದ್ದಳು. ಒಂದು ಸಂಜೆ ಬಂದು, "ಅಕ್ಕಾ, ಈ ಪಾಸ್‌ಬುಕ್ ನಿಮ್ಮ ಹತ್ರಾನೇ ಇರಲಿ, ಮಗಳ ಓದಿಗೆ ಆಗುತ್ತೆ" ಎಂದಳು. ನಾನು ಏನೂ ಕೇಳದೆ ತೆಗೆದಿಟ್ಟುಕೊಂಡೆ. ಪಕ್ಕದಲ್ಲಿದ್ದ ಹಿರಿಯ ಸದಸ್ಯೆ ಮಾತ್ರ ಅವಳ ಕೈ ಹಿಡಿದು, "ಸಾಯಬೇಕು ಅನ್ನಿಸ್ತಿದೆಯೇನವ್ವಾ?" ಎಂದು ನೇರವಾಗಿ ಕೇಳಿದರು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆ ರಾತ್ರಿ ಅವಳನ್ನು ಒಂಟಿಯಾಗಿ ಬಿಡಲಿಲ್ಲ. ಇಂದು ಅವಳು ನಮ್ಮ ನಡುವೆ ಇದ್ದಾಳೆ.

ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಭಯ ನಮಗಿದೆ. ಅದು ಸುಳ್ಳು. ಕೇಳಿದರೆ ಹೊರೆ ಹಗುರಾಗುತ್ತದೆ. ಸಾಯುತ್ತೇನೆ ಎನ್ನುವ ಎಷ್ಟೋ ಮಂದಿಗೆ ಬೇಕಾದದ್ದು ಸಾವಲ್ಲ, ನೋವಿನಿಂದ ಬಿಡುಗಡೆ. ಆ ಕಠಿಣ ಗಳಿಗೆ ಸಾಮಾನ್ಯವಾಗಿ ದಾಟಿ ಹೋಗುತ್ತದೆ. ದಾಟುವವರೆಗೆ ಜೊತೆಗೊಬ್ಬರು ಬೇಕು.

ಆದ್ದರಿಂದ ಸಭೆಗೆ ಬಾರದವಳ ಮನೆಗೆ ಹೋಗಿ. "ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ" ಎಂದರೆ ಬೈಯಬೇಡಿ, ಉಪದೇಶ ಬೇಡ, ಕೇಳಿಸಿಕೊಳ್ಳಿ. ಅಪಾಯದ ವಸ್ತುಗಳು ಅವಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಪ್ರಯತ್ನಿಸಿ ಬದುಕಿದವಳಿದ್ದರೆ ಕೇಸಿಗೆ ಹೆದರಿ ಆಸ್ಪತ್ರೆ ತಪ್ಪಿಸಬೇಡಿ: ಅವಳು ತೀವ್ರ ಒತ್ತಡದಲ್ಲಿದ್ದಳೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಮನಸ್ಸಿನ ಸಂಕಟಕ್ಕೆ ಟೆಲಿ ಮನಸ್ 14416, ದೌರ್ಜನ್ಯಕ್ಕೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಇವನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಧೈರ್ಯ ಹೇಳಿದರಷ್ಟೇ ಸಾಲದು. ಹೊಡೆಯುವ ಕೈ ನಿಲ್ಲಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅವಳಿಗೆ ರಕ್ಷಣೆಯನ್ನೂ ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೊಟ್ಟಿದೆ. ಸಂರಕ್ಷಣಾಧಿಕಾರಿಯ ಬಳಿಗೆ ಅವಳೊಬ್ಬಳನ್ನೇ ಕಳಿಸದೆ, ನಾಲ್ಕು ಜನ ಜೊತೆಗೆ ಹೋಗೋಣ.

ಸಾಲದ ಕಂತು ತಪ್ಪಿದರೆ ಅಂದೇ ವಿಚಾರಿಸುವ ನಾವು, ಗೆಳತಿಯ ನಗು ತಪ್ಪಿದಾಗಲೂ ವಿಚಾರಿಸೋಣ.