ಮಕ್ಕಳು ಕೊಡಿಸುವ ಲ್ಯಾಪ್‌ಟಾಪ್: ಆಯ್ಕೆಯಲ್ಲಿ ನಿಮ್ಮ ಮಾತೂ ಇರಲಿ



ನೀವು ಬುಕ್ಕಾಂಬುಧಿಯಲ್ಲಿ ತೋಟ ನೋಡಿಕೊಂಡಿದ್ದೀರಿ, ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಹಬ್ಬಕ್ಕೆ ಬರುವಾಗ "ಅಪ್ಪಾ, ನಿಮಗೊಂದು ಲ್ಯಾಪ್‌ಟಾಪ್ ತರುತ್ತೇನೆ" ಎನ್ನುತ್ತಾನೆ. "ನನಗ್ಯಾಕಪ್ಪಾ ಅದು" ಎಂದು ನೀವು ಸುಮ್ಮನಾಗುತ್ತೀರಿ. ಕೊನೆಗೆ ಅಂಗಡಿಯಲ್ಲಿ ಅತಿ ಅಗ್ಗವಾದುದೋ, ಅವನೇ ಬಳಸಿ ಬಿಟ್ಟ ಹಳೆಯದೋ ಮನೆಗೆ ಬರುತ್ತದೆ. ಅದು ತೆವಳುತ್ತದೆ, ನೀವು ಬೇಸತ್ತು ಬೀರುವಿನಲ್ಲಿಡುತ್ತೀರಿ. ಹಣ ಹೋದದ್ದಷ್ಟೇ ಅಲ್ಲ, "ಇದು ನನ್ನ ಕೈಲಾಗದ ಕೆಲಸ" ಎಂಬ ಅಳುಕೂ ಉಳಿಯುತ್ತದೆ. ತಪ್ಪು ನಿಮ್ಮದಲ್ಲ, ಆಯ್ಕೆಯದು.

ಬಾವಿಯ ಆಳ ನೋಡದೆ ಯಾರೂ ಪಂಪ್‌ಸೆಟ್ ಕೊಳ್ಳುವುದಿಲ್ಲ. ಇಲ್ಲಿಯೂ ಮೊದಲು ನಿಮ್ಮ ಕೆಲಸಗಳನ್ನು ಪಟ್ಟಿ ಮಾಡಿ. ಮೊಮ್ಮಕ್ಕಳ ಮುಖ ನೋಡಿ ಮಾತನಾಡುವುದು, ಪೇಟೆ ಧಾರಣೆ ತಿಳಿಯುವುದು ಇಷ್ಟೇ ಆದರೆ ಕೈಯಲ್ಲಿರುವ ಮೊಬೈಲೇ ಸಾಕು. ಬೇಡವೆಂದು ಧಾರಾಳವಾಗಿ ಹೇಳಿ. ತೋಟದ ಜಮಾ-ಖರ್ಚು ಬರೆಯುವುದು, ಕನ್ನಡದಲ್ಲಿ ಅರ್ಜಿ ಸಿದ್ಧಪಡಿಸುವುದು, ಪಹಣಿಯನ್ನು ದೊಡ್ಡ ಅಕ್ಷರದಲ್ಲಿ ಓದುವುದು ಬೇಕಿದ್ದರೆ ಲ್ಯಾಪ್‌ಟಾಪ್ ಉಪಯುಕ್ತ.

ಕೊಳ್ಳುವಾಗ ಈ ಅಂಶಗಳನ್ನು ಗಮನಿಸಿ. ವಿಂಡೋಸ್ 11 ನಡೆಯಲು ಕನಿಷ್ಠ 4 ಜಿ.ಬಿ. ರ್‍ಯಾಮ್, 64 ಜಿ.ಬಿ. ಸಂಗ್ರಹ ಬೇಕು. ಅತಿ ಅಗ್ಗದ ಯಂತ್ರಗಳಲ್ಲಿ ಅನೇಕ ವೇಳೆ ಇರುವುದೂ ಅಷ್ಟೇ. ಕನಿಷ್ಠವೆಂದರೆ ಸಾಕಷ್ಟು ಎಂದಲ್ಲ. 8 ಜಿ.ಬಿ. ರ್‍ಯಾಮ್, 256 ಜಿ.ಬಿ. ಎಸ್.ಎಸ್.ಡಿ. ಇರುವುದನ್ನೇ ಕೇಳಿ. ಪ್ರೊಸೆಸರ್ ಸಾಧಾರಣವಾದುದಾದರೂ ಸಾಕು; ಆಟವಾಡುವವರಿಗೆ ಬೇಕಾದ ಗ್ರಾಫಿಕ್ಸ್ ಕಾರ್ಡಿಗೆ ಹಣ ಸುರಿಯಬೇಡಿ. ಆ ಹಣದಲ್ಲಿ 15.6 ಅಂಗುಲದ ಪರದೆ ಬರಲಿ, ಕಣ್ಣಿಗೆ ಹಿತ.

ಕಚೇರಿಗಳಲ್ಲಿ ಬಳಸಿದ ಹಳೆಯ ಯಂತ್ರವೂ ಒಳ್ಳೆಯದೇ ಇರಬಹುದು. ಆದರೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ವಿಂಡೋಸ್ 11 ಅಧಿಕೃತವಾಗಿ ನಡೆಯುವುದೇ ಎಂದು ಖಚಿತಪಡಿಸಿಕೊಳ್ಳಿ. ಇಂಟೆಲ್ ಪ್ರೊಸೆಸರ್ ಆದರೆ 8ನೇ ಪೀಳಿಗೆಯದೋ ನಂತರದ್ದೋ ಆಗಿರಲಿ. ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂದು ಅಂಗಡಿಯಲ್ಲೇ ನೋಡಿ. ಕರೆಂಟು ಹೋದಾಗ ಅದೇ ಆಧಾರ. ದುರಸ್ತಿ ಕೇಂದ್ರ ಶಿವಮೊಗ್ಗದಲ್ಲೋ ಚಿಕ್ಕಮಗಳೂರಿನಲ್ಲೋ ಇದೆಯೇ ಎಂದು ವಿಚಾರಿಸಿ.

ಇಂಗ್ಲಿಷ್ ಬರದೆಂಬ ಸಂಕೋಚ ಬೇಡ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದನ್ನು ಹಾಕಿಸದೆ ಯಂತ್ರವನ್ನು ಮನೆಗೆ ತರಬಾರದೆಂದು ಮಗನಿಗೆ ಹೇಳಿ. ಇನ್ನೊಂದು ಕರಾರೂ ಇರಲಿ: ಅವನು ಎರಡು ದಿನ ಪಕ್ಕದಲ್ಲಿ ಕುಳಿತು ಕಲಿಸಬೇಕು, ಕೀಲಿಮಣೆ ಮಾತ್ರ ನಿಮ್ಮ ಕೈಯಲ್ಲೇ ಇರಬೇಕು. ಕ್ರಮಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಭೂಮಿ ಯೋಜನೆಯಿಂದ ನಮ್ಮ ಪಹಣಿಗಳು ಗಣಕಯಂತ್ರಕ್ಕೆ ಬಂದು ಎರಡು ದಶಕಗಳೇ ಕಳೆದವು. ಕಾಗದ ಗಣಕಕ್ಕೆ ಹೋಯಿತು, ನಾವು ಮಾತ್ರ ಹೊರಗೆ ನಿಂತೆವು. ಇಂದಿಗೂ ಅನೇಕರು ಸಣ್ಣ ಕೆಲಸಕ್ಕೂ ಆಧಾರ್ ಸಂಖ್ಯೆ, ಪಾಸ್‌ವರ್ಡ್, ಓಟಿಪಿ ಎಲ್ಲವನ್ನೂ ಬೇರೆಯವರ ಕೈಗೆ ಕೊಡುತ್ತಾರೆ. ಜಮೀನಿನ ಕಾಗದವನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡುವ ನಾವು ಇದನ್ನು ಯೋಚಿಸಬೇಡವೇ?

ಆದ್ದರಿಂದ ಮುಂದಿನ ಸಲ ಮಗ ಕೇಳಿದಾಗ "ನಿನಗೆ ತಿಳಿದದ್ದು ತಾ" ಎನ್ನಬೇಡಿ. ನಿಮ್ಮ ಪಟ್ಟಿಯನ್ನು ಅವನ ಕೈಗೆ ಕೊಡಿ. ಕೊಡಿಸುವವನು ಅವನಾದರೂ ಬಳಸುವವರು ನೀವು.