ಲಾಯಲ್ ಅಂತೆ, ಲಾಯಲ್!

ಭಾಗ 1

"ಸೋತಾಗ್ಲೂ ಬಿಟ್ಟು ಹೋಗ್ಲಿಲ್ಲ ಗುರು, ನಮ್ಮಂಥ ಲಾಯಲ್ ಫ್ಯಾನ್ಸ್ ಎಲ್ಲೂ ಇಲ್ಲ." ಆರ್‌ಸಿಬಿ ಮ್ಯಾಚ್ ಇದ್ದಾಗೆಲ್ಲ ನಮ್ಮ ಕ್ಲಾಸ್ ಗ್ರೂಪಲ್ಲಿ ಯಾರಾದ್ರೂ ಒಬ್ರು ಇದನ್ನ ಹಾಕೇ ಹಾಕ್ತಾರೆ. ನಾನೂ ಹಾಕಿದೀನಿ. ಇವತ್ತು ಅದನ್ನೇ ಕೆದಕ್ತೀನಿ. ಪೂರ್ತಿ ಓದಿ, ಆಮೇಲೆ ಬೈರಿ 🙏

ಬಿಟ್ಟು ಹೋಗ್ಲಿಲ್ಲ ಅನ್ನೋದು ನಿಜ. 2009ರ ಫೈನಲ್ 6 ರನ್‌ಗೆ ಹೋಯ್ತು, 2011ರದ್ದು 58ಕ್ಕೆ. 2016ರದ್ದು ನಮ್ಮ ಚಿನ್ನಸ್ವಾಮಿಯಲ್ಲೇ, 8 ರನ್‌ಗೆ. ಗೇಲ್, ಕೊಹ್ಲಿ ಮೊದಲ ವಿಕೆಟ್‌ಗೇ 114 ಹೊಡೆದ ಮೇಲೂ! ಅಪ್ಪ ಟಿವಿ ಆಫ್ ಮಾಡಿ ಮಲಗಿಬಿಟ್ರು. ನಾನು ಮರುದಿನ ಅದೇ ಕೆಂಪು ಟೀ ಶರ್ಟ್ ಹಾಕ್ಕೊಂಡು ಹಾಲು ತರೋಕೆ ಹೋದೆ, ಅಂಗಡಿ ಅಂಕಲ್ ನಕ್ಕರು. ಆಮೇಲೆ 2017ರಲ್ಲಿ 49ಕ್ಕೆ ಆಲೌಟ್. 2019ರಲ್ಲಿ ಮೊದಲ ಆರೂ ಮ್ಯಾಚ್ ಸೋಲು. ಆದ್ರೂ ಟೀ ಶರ್ಟ್ ಬಿಚ್ಚಲಿಲ್ಲ.

ಸರಿ, ಬಿಡ್ಲಿಲ್ಲ. ಉಳ್ಕೊಂಡು ಏನ್ ಮಾಡಿದ್ವಿ?

2021ರ ಎಲಿಮಿನೇಟರ್. ಡ್ಯಾನ್ ಕ್ರಿಶ್ಚಿಯನ್ ಒಂದು ಓವರಲ್ಲಿ 22 ರನ್ ಕೊಟ್ಟ. ಆ ರಾತ್ರಿ ಅವನ ಗರ್ಭಿಣಿ ಸಂಗಾತಿಯ ಫೋಟೋ ಕೆಳಗೆ ಹೋಗಿ ಬೈದ್ರು. ಅವಳನ್ನ ಬಿಟ್ಬಿಡಿ ಅಂತ ಅವನೇ ಕೇಳ್ಕೋಬೇಕಾಯ್ತು. 2023ರಲ್ಲಿ ಶುಭ್ಮನ್ ಗಿಲ್ ಸೆಂಚುರಿ ಹೊಡೆದು ನಮ್ಮನ್ನ ಮನೆಗೆ ಕಳಿಸ್ದ, ಬೈಗುಳ ತಿಂದಿದ್ದು ಅವನ ಅಕ್ಕ. ಬೈದವರು ಬೇರೆ ಊರಿನ ಟೀಮಿನವರಾ? ನಮ್ಮೋರೇ.

(ಕ್ಯಾಪ್ಶನ್ ಉದ್ದ ಆಯ್ತು, ಉಳಿದಿದ್ದು ಮುಂದಿನ ಪೋಸ್ಟಲ್ಲಿ)

ಭಾಗ 2

"ಅದು ಯಾರೋ ನಾಲ್ಕು ಜನ ಮಾಡಿದ್ದು, ಎಲ್ರಿಗೂ ಯಾಕೆ ಹೇಳ್ತೀಯ?" ಅಂತ ಆಗ್ಲೇ ಮೆಸೇಜ್ ಬಂದಿದೆ. ಉಳಿದೋರು ಏನ್ ಮಾಡ್ತಿದ್ವಿ ಹೇಳ್ಲಾ? ಗಿಲ್ ಅಕ್ಕನಿಗೆ ಬೈದಿದ್ದ ಸ್ಕ್ರೀನ್‌ಶಾಟ್ ನಮ್ಮ ಪಿಯು ಗ್ರೂಪಿಗೂ ಬಂತು. ನಾನು ನಗೋ ಎಮೋಜಿ ಒತ್ತಿದೆ. ಪಕ್ಕದಲ್ಲೇ ತಂಗಿ ಇದ್ಲು, ಇಣುಕಿ ನೋಡಿ "ಅವ್ಳೇನ್ ಮಾಡಿದ್ಲು?" ಅಂದ್ಲು. ಉತ್ತರ ಇರ್ಲಿಲ್ಲ. ಈಗ್ಲೂ ಇಲ್ಲ.

ಅಕೌಂಟ್ಸಲ್ಲಿ ನಮಗೆ ಬಾಕಿ ಕೊಡಬೇಕಾದವರ ಪಟ್ಟಿ ಬರೀತೀವಲ್ಲ, ಪ್ಲೇಯರ್‌ಗಳನ್ನ ಆ ಪಟ್ಟಿಗೆ ಸೇರಿಸ್ಕೊಂಡಿದೀವಿ. ಇಷ್ಟು ವರ್ಷ ಅತ್ತಿದೀವಿ, ಟಿಕೆಟ್‌ಗೆ ದುಡ್ಡು ಸುರಿದಿದೀವಿ, ತಗೊಂಬಾ ಕಪ್ಪು! ಕೊಡದಿದ್ರೆ ಮನೆ ಹೆಂಗಸರ ಹತ್ರ ಹೋಗಿ ಗಲಾಟೆ. ಬಡ್ಡಿ ವಸೂಲಿಯವರು ಮಾಡೋದೂ ಇದೇ ಅಲ್ವಾ? ಇದಕ್ಕೆ ಅಭಿಮಾನ ಅಂತ ಹೆಸರು ಬೇರೆ.

2024ರ ಮಾರ್ಚಲ್ಲಿ ಸ್ಮೃತಿ ಮಂಧಾನ ಟೀಮು ಕಪ್ ತಂತು. "ಅದು ಲೆಕ್ಕಕ್ಕಿಲ್ಲ" ಅಂದ ಮಹಾನ್ ಲಾಯಲ್‌ಗಳು ನಮ್ಮ ಕ್ಲಾಸಲ್ಲೇ ಇದಾರೆ. 2025ರ ಜೂನ್ 3ಕ್ಕೆ ಗಂಡಸರ ಕಪ್ಪೂ ಬಂತು (ಮರುದಿನ ಸ್ಟೇಡಿಯಂ ಹೊರಗೆ ಹೋದ 11 ಜೀವಗಳ ವಿಷಯ ಇಲ್ಲಿ ಎಳೆಯಲ್ಲ, ಅದಕ್ಕೆ ಬೇರೆಯೇ ಬರೀಬೇಕು). ಈಗ ಅದೇ ಜನ ಹೊಸಬರ ಹತ್ರ "2016ರಲ್ಲಿ ಎಲ್ಲಿದ್ದೆ?" ಅಂತ ಸರ್ಟಿಫಿಕೇಟ್ ಕೇಳ್ತಾರೆ. ನಾನು ಇದ್ದೆ ಸ್ವಾಮಿ. 2023ರಲ್ಲೂ ಇದ್ದೆ, ನಗ್ತಾ ಇದ್ದೆ.

ಟೀಮು ಮತ್ತೆ ಸೋಲತ್ತೆ, ಕ್ರಿಕೆಟ್ ಅಂದ್ಮೇಲೆ ಸೋಲ್ಲೇಬೇಕು. ಕೆಟ್ಟ ಬೌಲಿಂಗ್‌ಗೆ ಬೈರಿ, ನಾನೇ ಮೊದಲು ಬೈತೀನಿ. ಆದ್ರೆ ಆವತ್ತು ಯಾರ ಮನೆ ಹೆಣ್ಮಕ್ಕಳಿಗೋ ಬೈದ ಸ್ಕ್ರೀನ್‌ಶಾಟ್ ಗ್ರೂಪಿಗೆ ಬಂದ್ರೆ, ಹಾಕಿದವರ ಹೆಸರು ಹಿಡಿದೇ ಕೇಳ್ತೀನಿ. ಗ್ರೂಪಿಂದ ತೆಗೀತೀರಾ? ತೆಗೀರಿ. ಕೆಂಪು ಟೀ ಶರ್ಟ್ ಎಲ್ಲೂ ಹೋಗಿಲ್ಲ. ನನಗೆ ಚಿಕ್ಕದಾಯ್ತು, ಈಗ ತಂಗಿ ಹಾಕ್ಕೋತಾಳೆ.