ಒಂದೇ ಪರದೆ, ಒಂದೇ ಚಾಪೆ



ಕಳೆದ ತಿಂಗಳು ಹೊನ್ನಾವರದ ಬಂಧುಗಳ ಮನೆಗೆ ಹೋದವನು ಒಂದು ಸಂಜೆ ಶರಾವತಿ ಸೇತುವೆ ದಾಟಿ ಕಾಸರಕೋಡಿನ ಕಡಲತೀರಕ್ಕೆ ಹೋದೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರವದು. ಮರಳಿನ ಮೇಲೆ ಐದು ಹುಡುಗರು ಸಾಲಾಗಿ ಕುಳಿತಿದ್ದರು. ಐವರ ಕೈಯಲ್ಲೂ ಮೊಬೈಲು, ಐದರಲ್ಲೂ ಬೇರೆ ಬೇರೆ ಚಿತ್ರ. ಒಬ್ಬ ನಕ್ಕರೆ ಏಕೆ ನಕ್ಕನೆಂದು ಪಕ್ಕದವನಿಗೆ ತಿಳಿಯದು. ನಾವು ಈಗ ನೋಡುವುದು ಹೆಚ್ಚಾಗಿದೆ, ಕೂಡಿ ನೋಡುವುದು ಕಡಿಮೆಯಾಗಿದೆ ಎಂದು ನನಗೆ ಅಲ್ಲಿ ಅನಿಸಿತು.

ಅಲ್ಲಿ ಕಡಲು ಸೇರುವ ಶರಾವತಿಯ ನೀರು ಸಾಗರ ಸೀಮೆ ದಾಟಿ, ಜೋಗದಲ್ಲಿ ಧುಮುಕಿ ಬಂದದ್ದು. ಅದೇ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು. ಅಡಿಕೆ ತೋಟಗಳ ನಡುವಿನ ಆ ಸಣ್ಣ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು ಮತ್ತು ಅವರ ಗೆಳೆಯರು 1973ರಲ್ಲಿ ಚಿತ್ರಸಮಾಜವನ್ನೂ ಕಟ್ಟಿದರು. ದೇಶವಿದೇಶಗಳ ದೊಡ್ಡ ಚಿತ್ರಗಳು ಹಳ್ಳಿಯ ಜನರಿಗೆ ಅರ್ಥವಾಗವು ಎಂಬ ಪಟ್ಟಣದವರ ಮಾತನ್ನು ಅವರು ನಂಬಲಿಲ್ಲ. ಪುಣೆಯಿಂದ ಸತೀಶ್ ಬಹಾದ್ದೂರ್, ಪಿ.ಕೆ. ನಾಯರ್ ಅವರಂಥ ಬಲ್ಲವರು ಬಂದು ಚಿತ್ರ ನೋಡುವ ಬಗೆಯನ್ನು ಕಲಿಸಿದರು. ಕೃಷಿಕರು, ಗೃಹಿಣಿಯರು, ಶಾಲಾ ಮಾಸ್ತರರು ಒಂದೇ ಸಭಾಂಗಣದಲ್ಲಿ ಕುಳಿತು ನೋಡಿದರು, ಚರ್ಚಿಸಿದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಲೋಕ ಹೆಗ್ಗೋಡಿನ ಕಡೆ ತಿರುಗಿತು. ಆದರೆ ಆ ಊರಿನವರು ಅದಕ್ಕೂ ಮೊದಲೇ ಲೋಕವನ್ನು ಕಂಡಿದ್ದರು.

'ಮಠದಲ್ಲಿ ಸಿನಿಮಾವೇ?' ಎಂದು ಹಿರಿಯರು ಕೇಳಬಹುದು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಮಠವೇ ರಂಗಶಾಲೆ ನಡೆಸುತ್ತಿದೆ. ಅಲ್ಲಿಯ ಶಿವಸಂಚಾರ 1997ರಿಂದ ನಾಡಿನ ಊರೂರಿಗೆ ನಾಟಕ ಒಯ್ಯುತ್ತಿದೆ. ನಾಟಕಕ್ಕೆ ಬಾಗಿಲು ತೆರೆದ ಪರಂಪರೆಗೆ ಬಿಳಿಯ ಪರದೆಯೊಂದು ಭಾರವಾಗದು. ಅನ್ನದ ದಾಸೋಹ ನಮ್ಮಲ್ಲಿ ನಿಂತಿಲ್ಲ. ಅರಿವಿನ ದಾಸೋಹಕ್ಕೆ ಮಾತ್ರ ಸಭಾಭವನದ ಬೀಗದ ಕೈ ಸಿಗುತ್ತಿಲ್ಲ. ಮದುವೆಯ ಮುಹೂರ್ತಗಳು ಮುಗಿದ ಮೇಲೆ ಎಷ್ಟು ಭವನಗಳು ತಿಂಗಳುಗಟ್ಟಲೆ ಖಾಲಿ ಬಿದ್ದಿರುತ್ತವೆ, ನೀವೇ ಎಣಿಸಿ ನೋಡಿ.

ಆದರೆ ಚಿತ್ರ ತೋರಿಸಿದ ಮಾತ್ರಕ್ಕೆ ಸುಧಾರಣೆಯಾಗದು. ಇದನ್ನು ನನ್ನ ಅನುಭವದಿಂದಲೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಊರಿನ ನಮ್ಮ ಯುವಕರು ಸಮುದಾಯ ಭವನದಲ್ಲಿ 'ಚೋಮನ ದುಡಿ'ಯನ್ನು ತೋರಿಸಿದರು. ಶಿವರಾಮ ಕಾರಂತರ ಕಾದಂಬರಿಯಿಂದ ಬಿ.ವಿ. ಕಾರಂತರು 1975ರಲ್ಲಿ ಮಾಡಿದ ಚಿತ್ರ. ತುಂಡು ಭೂಮಿಯನ್ನು ತನ್ನದಾಗಿ ಉಳಬೇಕೆಂಬ ಅಸ್ಪೃಶ್ಯನ ಆಸೆ ಕೊನೆಗೂ ಕೈಗೂಡದೆ ದುಡಿಯ ಸದ್ದಿನಲ್ಲೇ ಮುಗಿಯುತ್ತದೆ. ನೋಡಿದವರ ಕಣ್ಣು ಒದ್ದೆಯಾಗಿತ್ತು, ನನ್ನದೂ. ದೀಪ ಹತ್ತಿತು, ಪ್ರಸಾದಕ್ಕೆ ಕರೆದರು. ಕೇರಿಯಿಂದ ಬಂದಿದ್ದ ಹತ್ತಾರು ಜನರಿಗೆ ಹಿಂಬದಿಯ ಜಗಲಿಯಲ್ಲಿ ಬೇರೆಯೇ ಪಂಕ್ತಿ ಹಾಕಿದ್ದರು. 'ಜಾಗ ಸಾಲದು' ಎಂದರು. ಒಳಗೆ ಎರಡು ಸಾಲು ಖಾಲಿ ಇದ್ದವು. ನಾನು ಕಂಡೆ, ಮಾತಾಡಲಿಲ್ಲ, ಉಂಡು ಬಂದೆ. ಪರದೆಯ ಚೋಮನಿಗೆ ಕಣ್ಣೀರು ಕೊಟ್ಟವನು ಎದುರಿಗಿದ್ದವರಿಗೆ ಒಂದು ಮಾತನ್ನೂ ಕೊಡಲಿಲ್ಲ. ಆ ರಾತ್ರಿಯ ಅನ್ನ ಇಂದಿಗೂ ನನಗೆ ಅರಗಿಲ್ಲ.

ಆದ್ದರಿಂದ ನಮ್ಮ ಓದುಗರ ಮುಂದೆ ಒಂದು ವಾರದ ಯೋಜನೆಯನ್ನು ಇಡುತ್ತಿದ್ದೇನೆ. ಮೊದಲ ದಿನ 1983ರ 'ಕ್ರಾಂತಿಯೋಗಿ ಬಸವಣ್ಣ'. ಎರಡನೆಯ ದಿನ 'ಚೋಮನ ದುಡಿ'. ಮೂರನೆಯ ದಿನ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'. ಬದುಕಿರುವಾಗಲೇ ಶ್ರಾದ್ಧ ಮಾಡಿಸಿಕೊಂಡ ಎಳೆಯ ವಿಧವೆಯ ಕಥೆಯನ್ನು ಕಂಡು 'ಅದು ಅಗ್ರಹಾರದ ಮಾತು' ಎಂದು ನಾವು ಸಮಾಧಾನಪಡಬಾರದು. ವಿಧವೆಯನ್ನು ನಮ್ಮ ಮಂಗಲಕಾರ್ಯಗಳಲ್ಲಿ ಎಲ್ಲಿ ನಿಲ್ಲಿಸುತ್ತೇವೆ ಎಂದು ಕೇಳಿಕೊಳ್ಳಬೇಕು. ನಾಲ್ಕನೆಯ ದಿನ ಪಿಂಚಣಿಗಾಗಿ ಕಚೇರಿಗಳನ್ನು ಅಲೆಯುವ ಜವಾನನ 'ತಬರನ ಕಥೆ'. ನಮ್ಮಲ್ಲೂ ಕುರ್ಚಿಯ ಮೇಲೆ ಕುಳಿತವರು ಬಹಳ ಮಂದಿ ಇದ್ದಾರೆ, ಅವರು ನೋಡಲಿ. ಐದನೆಯ ದಿನ ಹಿನ್ನೀರು ಏರಿ ಬಂದರೂ ಊರು ಬಿಡಲಾರದವರ 'ದ್ವೀಪ'. ನಾ. ಡಿಸೋಜ ಅವರ ಕೃತಿಯಿಂದ ಬಂದ ಈ ಚಿತ್ರವನ್ನು ಶರಾವತಿ ತೀರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆರನೆಯ ದಿನಕ್ಕೆ 2008ರ 'ಗುಲಾಬಿ ಟಾಕೀಸ್'. ವೈದೇಹಿಯವರ ಕಥೆಯನ್ನು ಆಧರಿಸಿದ ಈ ಚಿತ್ರವನ್ನು ಕಾಸರಕೋಡಿನಂಥ ಮೀನುಗಾರರ ಊರಿನಲ್ಲೇ ಕೂಡಿ ನೋಡಬೇಕು. ಸೂಲಗಿತ್ತಿ ಗುಲಾಬಿ ಮುಸ್ಲಿಂ ಹೆಂಗಸು, ಸಿನಿಮಾ ಹುಚ್ಚಿನವಳು. ಅವಳ ಗುಡಿಸಿಲಿಗೆ ಟಿ.ವಿ. ಬಂದಾಗ ನೆರೆಯ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ, ನೋಡುತ್ತಾ ತಮ್ಮ ತಮ್ಮ ಮನಸ್ಸು ಬಿಚ್ಚುತ್ತಾರೆ. ಆಮೇಲೆ ಹೊರಗಿನ ದ್ವೇಷ ಊರೊಳಗೆ ಬರುತ್ತದೆ. ಗುಲಾಬಿಯಾಗಿ ಉಮಾಶ್ರೀಯವರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಕೂಡಿ ನೋಡುವ ಚಾಪೆ ಎಷ್ಟು ದೊಡ್ಡದು, ಎಷ್ಟು ಬೇಗ ಹರಿಯುತ್ತದೆ ಎಂಬುದನ್ನು ಈ ಚಿತ್ರ ತೋರಿಸುತ್ತದೆ.

ಏಳನೆಯ ದಿನ ಚಿತ್ರ ಬೇಡ. ವಾರವೆಲ್ಲ ನೋಡಿದವರು ಮಾತಾಡಲಿ. ಮೊದಲು ಮಹಿಳೆಯರು, ಆಮೇಲೆ ಮಕ್ಕಳು, ಕೊನೆಗೆ ನಮ್ಮಂಥವರು. ದೋಣಿ ನಡೆಸಿಯೇ ಬದುಕಿದ ಶರಣ ಅಂಬಿಗರ ಚೌಡಯ್ಯನವರ ಕುರಿತು ಅಂದು ದೋಣಿಯವರಿಂದಲೇ ಮಾತು ಕೇಳೋಣ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕರಾವಳಿಯಲ್ಲಿ ಈ ವಾರಕ್ಕೆ ಅದೇ ತಕ್ಕ ಕಾಲ, ಮಳೆಗೆ ಸೂರೊಂದಿದ್ದರೆ ಸಾಕು.

ನಡೆಸುವವರಿಗೆ ಕೆಲವು ಕಟ್ಟಳೆ. ಚಿತ್ರದ ಹಕ್ಕುದಾರರಿಂದ ಪ್ರದರ್ಶನದ ಅನುಮತಿ ಮೊದಲೇ ಪಡೆಯಿರಿ. ಕದ್ದ ಪ್ರತಿಯಿಂದ ನೀತಿ ಕಲಿಸಲಾಗದು. ಹಾರ, ಶಾಲು, ವೇದಿಕೆಯ ಸಾಲು ಕುರ್ಚಿ ಬೇಡ. ಗಣ್ಯರೂ ಚಾಪೆಯ ಮೇಲೇ ಕೂರಲಿ. ಪರದೆ ಆರಿದ ಮೇಲೆ ಅರ್ಧ ಗಂಟೆ ಚರ್ಚೆ ಕಡ್ಡಾಯ. ಪ್ರಸಾದಕ್ಕೆ ಒಂದೇ ಪಂಕ್ತಿ. ಜಾಗ ಸಾಲದಿದ್ದರೆ ಕಾರ್ಯಕರ್ತರು ಎರಡನೆಯ ಸರದಿಗೆ ಕಾಯಲಿ, ಕರೆದ ಅತಿಥಿಗಳನ್ನು ಜಗಲಿಗೆ ಕಳಿಸುವುದು ಬೇಡ.

ಯಾವ ಊರಿನವರು ಈ ವಾರವನ್ನು ನಡೆಸಲು ಮುಂದಾದರೂ ಪತ್ರ ಬರೆಯಿರಿ, ನಾನು ಬರುತ್ತೇನೆ. ಈ ಸಲ ಬಡಿಸುವವರ ಸಾಲಿನಲ್ಲಿ ನಿಲ್ಲುತ್ತೇನೆ. ಎಲ್ಲರೂ ಒಳಗೆ ಕುಳಿತರೇ ಎಂದು ನೋಡಿಯೇ ಉಣ್ಣುತ್ತೇನೆ.